ಕಾಲಾಳು

ಮೋರ್ಕಂಬ್‌ನ ಕಡಲ ದಂಡೆಯ ಕ್ಲಿನಿಕ್ಕಿನಲ್ಲಿ
ಮಂಗಳವಾರ ನಾನು ಪಾದಗಳನ್ನು ನೋಡುತ್ತೇನೆ.
ನಮ್ಮಲ್ಲಿ ಕಾಲು ಹಿಡಿಯುವುದೆಂದರೆ ಬೇಡಿಕೊಳ್ಳುವುದು;
ಇಲ್ಲಿ ಸಂಬಳಕ್ಕೆ ಹಿಡಿಯುತ್ತೇನೆ,
ಇಪ್ಪತ್ತು ನಿಮಿಷಕ್ಕೊಂದು ಜೋಡಿ.

ಹತ್ತೂವರೆಗೆ ವಿಲ್ಫ್ರೆಡ್ ಆರ್ಮರಾಡ್.
"ಇವರು ಯಾರು ಗೊತ್ತಾ?" ಫೈಲಿನ ಮರೆಯಲ್ಲಿ
ಗ್ಲೆನಿಸ್ ಪಿಸುಗುಟ್ಟಿದಳು:
"ಎರಡು ಸಲ ಚದುರಂಗದ ಚಾಂಪಿಯನ್.
ಹಳೆಯ ಬಾಲ್‌ರೂಮಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು
ಹನ್ನೆರಡು ಮಂದಿಯನ್ನು ಒಟ್ಟಿಗೇ ಸೋಲಿಸಿದವರು.
ಅಂಥ ತಲೆ! ದೇಶದ ಖಜಾನೆ ಕೊಡಬೇಕಿತ್ತು ಅವರ ಕೈಗೆ."
ನಾನು ತಲೆ ನೋಡಲಿಲ್ಲ. ಕಾಲುಚೀಲ ತೆಗೆಸಿದೆ.
ಒಂದು ಕಂದು, ಒಂದು ನೀಲಿ.

ಹೆಬ್ಬೆರಳ ಬುಡದಲ್ಲಿ, ಅಂಗಾಲಿನಲ್ಲಿ
ಎಂಟಾಣೆಯಗಲದ ಹುಣ್ಣು.
"ಯಾವಾಗಿನಿಂದ?"
"ಏನು?"
ಸಕ್ಕರೆ ಹತ್ತು ವರ್ಷದಿಂದ ನರ ತಿನ್ನುತ್ತಿತ್ತು.
ಶೂ ಕೊಡವಿದರೆ ಪೆನ್ಸಿಲಿನದೊಂದು ತುಂಡು ಬಿತ್ತು;
ಅದರ ಮೇಲೆಯೇ ನಡೆದಿದ್ದಾರೆ, ವಾರವೋ, ಎರಡೋ.
ನಲವತ್ತನೆಯ ನಡೆಯ ಆಪತ್ತನ್ನು ನಾಲ್ಕರಲ್ಲೇ ಕಂಡವರಿಗೆ
ತಲೆಯಿಂದ ಐದೂಮುಕ್ಕಾಲು ಅಡಿ ದೂರ ಕಾಣಲಿಲ್ಲ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಿದ್ದರು
ನಮ್ಮ ಗಣಿತದ ಮೇಷ್ಟರು.
ಈ ಕಾಲು ಯಾವ ಲೆಕ್ಕಕ್ಕೆ ಸೇರಿತು?

ನಾನು ಹುಣ್ಣು ಚೊಕ್ಕ ಮಾಡುವಾಗ ಅವರು ಮಾತಾಡಿದರು:
ರೈಲ್ವೆ, ಮೀನಿನ ಬೆಲೆ, ಅಣ್ಣನ ಮದುವೆ ಮುರಿದದ್ದು.
ಎಲ್ಲಕ್ಕೂ ಉತ್ತರವಿತ್ತು. ಎಲ್ಲವೂ
ಬಸ್ಸಿನ ಪಕ್ಕದ ಸೀಟಿನವರು ಹೇಳುವಂಥದ್ದೇ.
ಮನೆಯ ಬಾಯ್ಲರ್ ಕೆಟ್ಟು ಮೂರು ಚಳಿಗಾಲ.
ಬ್ಯಾಂಕಿನವನೆಂದು ಫೋನ್ ಮಾಡಿದವನೊಬ್ಬ
ನಾಲ್ಕು ಸಾವಿರ ಪೌಂಡ್ ಹೊಡೆದುಕೊಂಡಿದ್ದ.

ಕೇಳಬಾರದಿತ್ತು. ಕೇಳಿದೆ:
"ಅಷ್ಟು ದೂರ ನೋಡುವವರು ನೀವು, ಇದು ಕಾಣಲಿಲ್ಲವೇ?"

ಕಿಟಕಿಯಾಚೆ ನೀರು ಇಳಿದಿತ್ತು, ಮೈಲುಗಟ್ಟಲೆ ಮರಳು.
ಉಬ್ಬರ ಕುದುರೆಗಿಂತ ಬೇಗ ಬರುತ್ತದೆ ಅನ್ನುತ್ತಾರೆ ಇಲ್ಲಿ.
ಅದನ್ನೇ ನೋಡುತ್ತ ಹೇಳಿದರು:
"ಮಣೆಯಾಚೆ ಕೂತವನಿಗೆ ನನ್ನಿಂದ ಏನೋ ಬೇಕು, ಮಿಸ್.
ಏನೆಂದು ಹುಡುಕಿದರೆ ಸಾಕು, ಉಳಿದದ್ದು ಬರೀ ಕೂಲಿ.
ಸಕ್ಕರೆಗೆ ನನ್ನಿಂದ ಏನೂ ಬೇಡ.
ಆ ನೀರಿಗೂ.
ಏನೂ ಬೇಡದವರೊಡನೆ ಆಡಲು ನನಗೆ ಬರುವುದಿಲ್ಲ."

ಫೋನಿನವನಿಗೆ ಬೇಕಿತ್ತಲ್ಲ?
ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.
ಅವರು ಆ ನಡೆಯನ್ನು ಮೊದಲೇ ಕಂಡಿದ್ದರು:
"ಅವನಾ? ನಿಮ್ಮ ಆಟಗಳನ್ನೆಲ್ಲ ಓದಿದ್ದೇನೆ ಸರ್, ಅಂದ."

ಉದ್ದ ಹಿಡಿಯ ಕನ್ನಡಿಯೊಂದನ್ನು ಕೊಟ್ಟೆ:
ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ.
ಮುಖ ಬೆಳಗಿತು.
"ಎದುರಾಳಿಯ ಕಡೆಯಿಂದ! ಹದಿನಾಲ್ಕರಲ್ಲೇ ಕಲಿತದ್ದು,
ಎದ್ದು ಹೋಗಿ ಅವನ ಕುರ್ಚಿಯ ಹಿಂದೆ ನಿಲ್ಲುವುದು."
ನನಗೂ ಖುಷಿ. ಇಗೋ, ಬುದ್ಧಿ
ಮಣೆಯಿಂದಾಚೆ ಒಂದು ಮನೆ ದಾಟಿತು, ಅಂದುಕೊಂಡೆ.

ಮೂರು ವಾರ ಕಳೆದು ನೋಟ್‌ಬುಕ್ ಹಿಡಿದು ಬಂದರು.
ಇಪ್ಪತ್ತೊಂದು ರಾತ್ರಿ, ಇಪ್ಪತ್ತೊಂದು ಚಿತ್ರ,
ಚೌಕಗೆರೆಯ ಹಾಳೆಯ ಮೇಲೆ ಅಂಗಾಲು:
ಹುಣ್ಣಿನ ಅಂಚು ಮಿಲಿಮೀಟರ್ ಲೆಕ್ಕದಲ್ಲಿ,
ಯಾವತ್ತು ಕೆಂಪು, ಯಾವತ್ತು ಕಪ್ಪು,
ಎಂಟನೆಯ ರಾತ್ರಿ ಪಕ್ಕದ ಬೆರಳೂ.
ಇಷ್ಟು ಚೆಂದದ ದಾಖಲೆ ನಮ್ಮ ಆಸ್ಪತ್ರೆಯಲ್ಲೇ ಇಲ್ಲ.
"ಎಂಟನೆಯ ದಿನವೇ ಯಾಕೆ ಫೋನ್ ಮಾಡಲಿಲ್ಲ?"
ನಿಜವಾಗಿಯೂ ಬೆರಗಾದರು.
"ನನ್ನ ಸರದಿ ಅಂತ ಯಾರೂ ಹೇಳಲಿಲ್ಲವಲ್ಲ."

ಲ್ಯಾಂಕಾಸ್ಟರಿಗೆ ಬರೆದೆ, ತುರ್ತು.
ಎರಡು ಬೆರಳು ಹೋಗಬಹುದು ಎಂದೆ. ಸುಮ್ಮನಿದ್ದರು.
ಏನಾದರೂ ಹೇಳಬೇಕಲ್ಲ, ಹೇಳಿದೆ:
ಮುಂದಿನ ಸಾಲಿನ ಆ ಸಣ್ಣ ಕಾಯಿಗೆ
ನನ್ನ ಭಾಷೆಯಲ್ಲಿ ಕಾಲಾಳು ಎಂದು ಹೆಸರು. ಕಾಲಿನ ಆಳು.
"ಕಾ-ಲಾ-ಳು." ಳಕಾರ ತಿರುಗಲಿಲ್ಲ, ಮತ್ತೆ ಅಂದರು.
"ಹಿಂದಕ್ಕೆ ಬರಲಾಗದ ಕಾಯಿ ಅದೊಂದೇ."
ಗಾಲಿಕುರ್ಚಿಯ ಇಳಿಜಾರಿನುದ್ದಕ್ಕೂ ಆ ಪದ
ಅಭ್ಯಾಸ ಮಾಡುತ್ತ ಹೋದದ್ದು ಕೇಳಿಸುತ್ತಿತ್ತು.
"ಅಂಥ ತಲೆ!" ಎಂದಳು ಗ್ಲೆನಿಸ್.

ಕೈ ತೊಳೆದುಕೊಂಡೆ. ಮುಂದಿನವರು
ಕೊಲ್ಲಿಯಲ್ಲಿ ಸೀಗಡಿ ಹಿಡಿಯುತ್ತಿದ್ದ ಮುದುಕ.
ಬೂಟು ಬಿಚ್ಚುವ ಮುಂಚೆಯೇ ಹೇಳಿದ:
"ಎಡಗಾಲು, ಮೂರನೆಯ ಬೆರಳು. ನಿನ್ನೆ ಸಂಜೆಯಿಂದ."