ಟೊಪ್ಪಿ ಹಾಕಿದ ಮೀನು

ಕೊಡಿಯಾಲಬೈಲಿನ ಎರಡನೇ ಮಾಳಿಗೆ,
ಸೋರುವ ಕಿಟಕಿಯ ಪಕ್ಕ ನನ್ನ ಮೇಜು.
ನಾನು ಐದು ಅಂಗಡಿಗಳ ಬಾಯಿ.
ಅವರು ಮಾರುತ್ತಾರೆ, ನಾನು ಮಾತಾಡುತ್ತೇನೆ,
ದಿನಕ್ಕೊಂದು ಚಿತ್ರ, ಎರಡು ಸಾಲು, ಬಾಲಕ್ಕೆ ಹ್ಯಾಷ್‌ಟ್ಯಾಗು.

ಕಂಪನಿ ಕಳಿಸಿದ ಕ್ಯಾಲೆಂಡರು ಗೋಡೆಯಲ್ಲುಂಟು.
ಮಾರ್ಚಿಗೆ ವಸಂತ, ಅಕ್ಟೋಬರಿಗೆ ಎಲೆ ಉದುರುವ ಕಾಲ,
ಡಿಸೆಂಬರಿಗೆ ಹಿಮ.
ಜೂನಿನ ಮೊದಲ ಶುಕ್ರವಾರ ಡೋನಟ್ ದಿನವಂತೆ.
ಲಿಗೋರಿಯವರ ಬೇಕರಿಯಲ್ಲಿ ಡೋನಟ್ ಇಲ್ಲ,
ಜೀರಿಗೆ ರಸ್ಕು ಉಂಟು;
ಅದಕ್ಕೆ ಯಾರೂ ದಿನ ಕೊಟ್ಟಿಲ್ಲ.

ಮೊದಲ ವರ್ಷ ನಾನೂ ವಸಂತವನ್ನೇ ಬರೆದೆ
ಬೆವರು ಒರೆಸಿಕೊಳ್ಳುತ್ತ.
ತುಂಬೆಯ ಡ್ಯಾಮು ತಳ ಕಂಡು
ನಳ್ಳಿ ದಿನ ಬಿಟ್ಟು ದಿನ ಬರುವಾಗ
ಬಕೆಟು ಮಾರುವವರ ಪರವಾಗಿ "ಹೂವಿನಂತೆ ಅರಳಿ" ಎಂದೆ.
ಮೂರು ಲೈಕು. ಒಂದು ನನ್ನದೇ.

ಕೊಡೆ ಅಂಗಡಿಯ ಇದಿನಬ್ಬ ನಕ್ಕರು:
"ಮಾರಾಯ್ತಿ, ಮಳೆ ಬಂದ ಮೇಲೆ ಮಳೆಯ ಸುದ್ದಿ ಯಾರಿಗೆ?
ಆಗ ಜನ ಕೊಡೆ ತೆಗೆದುಕೊಳ್ಳುವುದಿಲ್ಲ, ಚಂಡಿ ಆಗ್ತಾರೆ.
ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತುವಾಗ ಹಾಕು.
ಶಾಲೆ ಮಕ್ಕಳ ತಾಯಂದಿರು ಹಳೆ ಕೊಡೆ ಇಳಿಸಿ, ಬಿಚ್ಚಿ,
ಒಂದು ಕಡ್ಡಿ ಮುರಿದದ್ದು ಕಂಡು
'ಚೆ' ಅನ್ನುವ ಸಂಜೆ ಉಂಟಲ್ಲ,
ಆ ಸಂಜೆ ಹಾಕು."

ಆ ಸಂಜೆ ಯಾವ ತಾರೀಕು?
ಬೆಳಿಗ್ಗೆ ಬೇಗ ಎದ್ದು ಮಾರ್ಕೆಟ್ಟಿನ ದಾರಿ ಸುತ್ತತೊಡಗಿದೆ.
ಕೇಳಿಸಿಕೊಳ್ಳುವುದೂ ಕೆಲಸವೆಂದು ಗೊತ್ತಿರಲಿಲ್ಲ.
"ಕಣಿಲೆ ಬಂತಾ" ಎಂದು ಮೂವರು ಕೇಳಿದರೆ ಆಟಿ ಹತ್ತಿರ.
ಕೆಸುವಿನ ಎಲೆ ಕಟ್ಟಿಗೆ ಇಪ್ಪತ್ತಾದರೆ
ಶಾಂತೇರಿ ಪೈಯವರ ಜಿನಸಿನ ಅಂಗಡಿಗೆ
ಪತ್ರೊಡೆಯ ಅಕ್ಕಿ, ಹುಳಿ, ಬೆಲ್ಲ, ಒಣಮೆಣಸು:
ನಾಲ್ಕು ದಿನದ ಮಾತು ಸಿಕ್ಕಿತು.
ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಕಷಾಯಕ್ಕೆ ಮುಖ ಹಿಂಡಿದ ಮೇಲೆ
ಬಾಯಿ ಕೇಳುವುದು ಮೆಂತೆ ಗಂಜಿ.
ಮೆಂತೆಯ ಚಿತ್ರ ಆ ಬೆಳಿಗ್ಗೆ ಹಾಕಬಾರದು,
ಎರಡು ರಾತ್ರಿ ಮೊದಲೇ.

ಜಾಣೆಯಾದೆ.
ತಿಂಗಳಿಡೀ ಬರೆದಿಟ್ಟು, ಒಂದೊಂದಕ್ಕೂ ಗಂಟೆ ಕಟ್ಟಿ
ನಿದ್ದೆ ಮಾಡುವಷ್ಟು ಜಾಣೆ.

ಆಗಸ್ಟು. ಎರಡು ತಿಂಗಳ ನಿಷೇಧ ಮುಗಿದು
ಬೋಟುಗಳು ಧಕ್ಕೆ ಬಿಟ್ಟಿದ್ದವು.
ಗುಲಾಬಿ ಮೆಂಡನ್ನರ ಮೀನೂಟದ ಹೋಟೆಲಿಗೆಂದು ಬರೆದಿಟ್ಟದ್ದು
ಶನಿವಾರ ಹನ್ನೊಂದಕ್ಕೆ ತಾನಾಗಿ ಹೊರಟಿತು:
"ಕಡಲು ಕರೆದಿದೆ! ತಾಜಾ ಬಂಗುಡೆ!
ಮೊದಲ ನೂರು ಮಂದಿಗೆ ರಿಯಾಯಿತಿ."
ಕೆಳಗೊಂದು ನಗುವ ಮೀನು, ಟೊಪ್ಪಿ ಹಾಕಿದ್ದು.

ಹನ್ನೊಂದೂ ಹತ್ತಕ್ಕೆ ಫೋನು.
"ಅದನ್ನು ತೆಗಿ."
"ಎಂತ ಆಯ್ತಕ್ಕ, ಅಕ್ಷರ ತಪ್ಪಾ?"
"ತಂಗಿಯ ಮಗನ ಬೋಟು ನಿನ್ನೆಯಿಂದ ಇಲ್ಲ. ತೆಗಿ."
ಅವರ ಹಿಂದೆ ಯಾವತ್ತೂ ಕೇಳುವ
ಬಾಣಲೆಯ ಸದ್ದು ಇರಲಿಲ್ಲ.

ತೆಗೆದೆ. ಆದರೂ ಏನಾದರೂ ಹಾಕಲೇಬೇಕೆಂಬ ಚಟ;
ಅವರನ್ನು ಕೇಳಿ, ಬರೆದೆ:
"ಇವತ್ತು ಒಲೆ ಹಚ್ಚಿಲ್ಲ. ಬೋಟು ಬರಲಿ."
ಚಿತ್ರ ಹಾಕಲಿಲ್ಲ.

ಎರಡು ರಾತ್ರಿ ಕಳೆದು, ಎಂಜಿನು ಕೆಟ್ಟ ಬೋಟನ್ನು
ಇನ್ನೊಂದು ಬೋಟು ಮಲ್ಪೆಗೆ ಎಳೆದು ತಂದಿತು.
ಏಳು ಜನ. ಏಳೂ.
ಹುಡುಗನ ತುಟಿ ಉಪ್ಪಿಗೆ ಒಡೆದಿತ್ತಂತೆ,
ಇಳಿದವನೇ ಚಹಾ ಕೇಳಿದನಂತೆ.

ಆ ಐದು ಪದವನ್ನು ನಲವತ್ತು ಸಾವಿರ ಮಂದಿ ನೋಡಿದ್ದರು.
ನಾನು ಬರೆದದ್ದನ್ನು ಅಷ್ಟು ಜನ ಓದಿದ್ದು ಅದೇ ಮೊದಲು.
ಸಂಖ್ಯೆ ಏರುವುದನ್ನು ನಾನು ಆ ಎರಡು ರಾತ್ರಿಯೂ
ನೋಡುತ್ತಿದ್ದೆ. ಅದನ್ನು ಗುಲಾಬಿಯಕ್ಕನಿಗೆ ಹೇಳಿಲ್ಲ.

ಕಂಪನಿಯಿಂದ ಸಂದೇಶ: "ಅದ್ಭುತ! ಮನ ಮುಟ್ಟಿತು.
ಇಂಥದ್ದು ತಿಂಗಳಿಗೊಂದು ಬರಲಿ.
ಸೆಪ್ಟೆಂಬರಿಗೆ ಏನು ಯೋಚಿಸಿದ್ದೀರಿ?"

ಸೆಪ್ಟೆಂಬರಿಗೆ ಮೊಂತಿ ಹಬ್ಬ ಉಂಟು, ಹೊಸ ತೆನೆ ಉಂಟು,
ಮಕ್ಕಳು ಬುಟ್ಟಿ ಹಿಡಿದು ಬೇಲಿಯ ಹೂವು ಕೊಯ್ಯುವುದುಂಟು
ಎಂದು ಉತ್ತರಿಸಿದೆ.
ಉಳಿದದ್ದಕ್ಕೆ ಉತ್ತರಿಸಲಿಲ್ಲ.

ಬುಧವಾರ ಗುಲಾಬಿಯಕ್ಕನೇ ಫೋನು ಮಾಡಿದರು.
ಬಾಣಲೆ ಚುಂಯ್ ಎನ್ನುತ್ತಿತ್ತು.
"ಇವತ್ತು ಹಾಕು."
"ಎಂತ ಹಾಕಲಿ?"
"ಮೀನು ಉಂಟು ಅಂತ."
ಸ್ವಲ್ಪ ಹೊತ್ತು ಬಿಟ್ಟು,
"ಟೊಪ್ಪಿ ಬೇಡ."