ಕೊಸರು

ಹಾಸ್ಟೆಲಿನ ಬ್ರದರ್ ಎಣಿಸಿ ಕೊಟ್ಟದ್ದು ಹತ್ತು ಪುಸ್ತಕ,
ಅಂಗೈಯಗಲ, ನೀಲಿ ರಟ್ಟು.
"ಬಸ್ತ್ಯಾಂವ, ಕಾಲೇಜಿನಲ್ಲಿ ನಿನಗೆ ಗುರುತಿನವರು ಬಹಳ.
ಹಂಚು, ಹೆದರಬೇಡ."
ಗುರುತಿನವರು ಬಹಳ, ಹೌದು.
ಬಿ.ಎಸ್ಸಿ. ಎರಡನೇ ವರ್ಷಕ್ಕೆ ಗುಂಗುರುಗೂದಲ ಸಿದ್ದಿ ನಾನೊಬ್ಬನೇ;
ಗೇಟಿನ ವಾಚ್‌ಮನ್ನೂ ಹೆಸರು ಹಿಡಿದು ಕೂಗುತ್ತಾನೆ.

ಮೊದಲನೆಯದು ವಿಠೋಬಾ ಗುನಗಿಗೆ.
ಲ್ಯಾಬಿನ ಮೇಜಿಗೆ ಒಂದು ಕಾಲು ಗಿಡ್ಡವಿತ್ತು,
ಈಗ ಮೇಜು ಅಲ್ಲಾಡುವುದಿಲ್ಲ.
ಎರಡು ಕ್ಯಾಂಟೀನಿನಲ್ಲೇ ಉಳಿದವು,
ಒಂದರ ಮೇಲೆ ಚಹಾದ ಉಂಗುರ.
ನಾಲ್ಕನೆಯದನ್ನು ಒಬ್ಬ ಎರಡೂ ಕೈಯಲ್ಲಿ ತೆಗೆದುಕೊಂಡು
ಕಣ್ಣಿಗೊತ್ತಿಕೊಂಡ. ಅವನಿಗೆ ಯಾವ ಪುಸ್ತಕವೂ ಸರಸ್ವತಿ.
ಐದನೆಯದು ಪ್ರಿನ್ಸಿಪಾಲರ ಕೋಣೆಗೆ ಹೋಗಿ
ನನಗಾಗಿ ಕಾಯುತ್ತಿತ್ತು.
"ಇದು ಸರಕಾರಿ ಕಾಲೇಜು," ಅಂದರು, ಬೈಯಲಿಲ್ಲ.
"ಗೇಟಿನ ಹೊರಗೆ ಮಾತಾಡಿಕೋ.
ಫಿಸಿಕ್ಸ್‌ನಲ್ಲಿ ಎಷ್ಟು ಬಂತು?"
ಬಂದಷ್ಟು ಹೇಳಿದೆ. ಅದಕ್ಕೆ ಬೈದರು.

ಗೇಟಿನ ಹೊರಗೆ ಕಡಲು.
ಬಾಯಿಪಾಠ ಮಾಡಿಟ್ಟ ಮಾತುಗಳನ್ನು, ಪಾಪ, ರಕ್ಷಣೆ,
ಗಾಳಿಮರಗಳಿಗೆ ಹೇಳಿ ನೋಡಿದೆ;
ಅಲೆ ಪ್ರತಿಯೊಂದನ್ನೂ ಅರ್ಧಕ್ಕೇ ಕತ್ತರಿಸಿತು.

ಆಗ ಬಂದಳು ಉಜ್ವಲಾ ತಾಂಡೇಲ.
"ಊರಿಗೆಲ್ಲ ಕೊಟ್ಟೆಯಂತೆ, ನನಗ್ಯಾಕಿಲ್ಲ?"
ಕೊಟ್ಟೆ. ನಾಲ್ಕು ದಿನ ಬಿಟ್ಟು ಅದೇ ಕಟ್ಟೆ;
ರಟ್ಟಿಗೆ ಆಗಲೇ ಒಣಮೀನಿನ ವಾಸನೆ.
ಅವಳ ಕೊಂಕಣಿ ಉಪ್ಪಿನದು, ನನ್ನದು ಅಡವಿಯದು,
ನಡುವೆ ಕನ್ನಡ ಹಾಕಿಕೊಂಡು ದಾಟುತ್ತೇವೆ.

"ಕಡೇದು ಮೊದಲು ಓದೋದು ನನ್ನ ಚಾಳಿ.
ರಾತ್ರಿಯಿಡೀ ಬಲೆ ಬಿಟ್ಟು ಬರಿಗೈ. ಖರೆ.
ಬೆಳಗಾಗೋದಕ್ಕೂ ದಡದಲ್ಲಿ ನಿಂತವ
ಏನಾದ್ರೂ ಸಿಕ್ತಾ ಅಂತ ಕೇಳೋದು, ಅದಂತೂ ಖರೆಗೂ ಖರೆ.
ನಮ್ಮಪ್ಪ ಆ ಪ್ರಶ್ನೆಗೇ ಹುಟ್ಟು ಎತ್ತಿದ್ದುಂಟು.
ಬಲಕ್ಕೆ ಬಿಡಿ ಅಂದನಲ್ಲ ನಿಮ್ಮ ಯೇಸು?
ದೋಣಿಯಲ್ಲಿದ್ದವರಿಗೆ ನೀರಿನ ಕಪ್ಪು ಕಾಣೋದಿಲ್ಲ.
ರಂಪಣಿ ದಿನಗಳಲ್ಲಿ ನಮ್ಮಜ್ಜ ಗುಡ್ಡ ಹತ್ತಿ
ಪಂಚೆ ಬೀಸಿ ಹೇಳ್ತಿದ್ದ, ಹಿಂಡು ಎಲ್ಲಿ ಅಂತ."

"ಅದು ಪವಾಡ," ಅಂದೆ.
"ಇರಬಹುದು. ಅಜ್ಜನೂ ಹಾಗೇ ಅಂದ್ಕೊಂಡಿದ್ದ."

ನನ್ನೂರು ಯಲ್ಲಾಪುರದಾಚೆ, ಘಟ್ಟದ ಮೇಲೆ.
ನಮ್ಮ ಇಗರ್ಜಿಯ ಗೋಡೆಗೆ ದೋಣಿ ಬರೆದವ ಕಡಲು ಕಂಡಿರಲಿಲ್ಲ,
ಅವನ ಕೈಯಲ್ಲಿ ಹುಟ್ಟು ಅಂಬಲಿ ತಿರುವುವ ಹುಟ್ಟೇ ಆಗಿದೆ.
ಅದರ ಕೆಳಗೆ ಮೊಣಕಾಲೂರಿ ನಾನು ದೊಡ್ಡವನಾದೆ.

"ಮತ್ತೆ ಆ ಎಣಿಕೆ," ಅಂದಳು, "ನೂರಾ ಐವತ್ತಮೂರು."
ನನಗೆ ಗೊತ್ತಿತ್ತು! ಶಿರಸಿಯ ಶಿಬಿರದಲ್ಲಿ ಒಬ್ಬರು
ಆ ಸಂಖ್ಯೆಯ ಗೂಢಾರ್ಥವನ್ನು ಊಟದ ಗಂಟೆ ಮೀರಿ ಬಿಡಿಸಿದ್ದರು.
ಬಾಯಿ ತೆರೆದೆ.
"ಮೂರು ಐವತ್ತು, ಐವತ್ತಕ್ಕೊಂದು ಕೊಸರು," ಅಂದಳು.
"ಆಯಿ ಬಾಂಗಡೆ ಎಣಿಸೋದೇ ಹಾಗೆ.
ಗಂಡಸರು ಕೊಸರು ಹಾಕೋದಿಲ್ಲ, ಬಸ್ತ್ಯಾಂವ.
ಬರೆದವರು ಬಿಟ್ಟಿದ್ದಾರೆ, ಅಷ್ಟೆ,
ದಡದಲ್ಲೊಬ್ಬಳು ಹೆಂಗಸಿದ್ಲು."

ತೆರೆದ ಬಾಯಿ ಹಾಗೇ ಇತ್ತು.

ನಂಬಿದಳೇ ಎಂದರೆ, ಇಲ್ಲ.
ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು
ಪ್ರಸಾದದ ಚೂರು ನನಗೂ ತಂದಳು.
ತಿನ್ನಲೋ ಬೇಡವೋ ಎಂದು ತುಸು ಹೊತ್ತು ಹಿಡಿದುಕೊಂಡಿದ್ದೆ.
ಏನು ಮಾಡಿದೆನೆಂದು ಬ್ರದರಿಗೆ ಹೇಳಿಲ್ಲ.

ನಿನ್ನೆ ಮೀನುಪೇಟೆಯಲ್ಲಿ ಅವಳ ಆಯಿ.
ಐವತ್ತು ರೂಪಾಯಿಗೆ ಎಣಿಸಿ ಹಾಕಿ, ನನ್ನ ಮುಖ ನೋಡಿ,
ಮತ್ತೊಂದು ಎಸೆದಳು ಚೀಲಕ್ಕೆ.
"ಮಾವಶೀ, ಇದಕ್ಕೆ ದುಡ್ಡು..."
"ಅದು ಲೆಕ್ಕಕ್ಕಲ್ಲ," ಅಂದಳು, ಆಗಲೇ ಬೇರೆ ಗಿರಾಕಿಯತ್ತ ತಿರುಗಿ.

ಹಾಸ್ಟೆಲಿನಲ್ಲಿ ಒಲೆಯಿಲ್ಲ, ಯಾಕೆ ಕೊಂಡೆನೋ.
ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು.
ಬಾಗಿಲಲ್ಲಿ ಬ್ರದರ್: "ಎಷ್ಟು ಉಳಿದವು?"
"ನಾಲ್ಕು," ಎಂದೆ, ಪುಸ್ತಕದ ಮಾತೆಂದು ತಿಳಿದು.
ಅವರು ಚೀಲ ನೋಡುತ್ತಿದ್ದರು. ಬೆಕ್ಕೂ.