ಗಾಳಿಮಾತು

ನಾರಿನ್ ಪೇಟೆ ದಾಟಿ, ಟಾರು ಮುಗಿದು, ಆಮೇಲೂ ನಾಲ್ಕು ತಾಸು;
ಹಿಮನದಿಯ ತುದಿಗೆ ಒಂದು ಕೆರೆ.
ಹೆಸರಿಲ್ಲ, ನಕಾಶೆಯಲ್ಲಿ ಬರೀ ಒಂದು ಅಂಕಿ.
ಒಡೆದರೆ ಕೆಳಗಿನ ಊರಿಗೆ ಇಪ್ಪತ್ತು ನಿಮಿಷ.

ಅದರ ದಡಕ್ಕೆ ಕಬ್ಬಿಣದ ಕಂಬ,
ಗೇಣಗಲದ ಸೋಲಾರ್ ಹಲಗೆ, ಬೆರಳುದ್ದದ ಆಂಟೆನಾ.
ಕಾಲುಗಂಟೆಗೊಮ್ಮೆ ನೀರಿಗೆ ಕಾಲಿಳಿಸಿ ನೋಡಿ
ಎಷ್ಟಿದೆ ಎಂದು ಹೇಳುತ್ತದೆ
ಸೊನ್ನೆ ಒಂದು ಸೊನ್ನೆ ಸೊನ್ನೆ ಒಂದರಲ್ಲಿ.
ಇಂಥವರಿಗೆ ಅಂತಲ್ಲ. ಗಾಳಿಗೆ.

ಕೇಳುವವಳು ಬುರುಲ್ಕಾನ್.
ಶಾಲೆಯ ಹಿಂದಿನ ಕೋಣೆ, ಕಲ್ಲಿದ್ದಲ ಒಲೆ,
ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿದಾಗೆಲ್ಲ
ರಿಜಿಸ್ಟರಿನ ಒಂದು ಮನೆ ತುಂಬುತ್ತಾಳೆ.

ಗಾಳಿಮಾತು ನಂಬಬಾರದು, ಅತ್ತೆಯ ಮಾತು.
ಇದು ಬೇರೆ. ಇದು ತನ್ನ ಬಾಲಕ್ಕೆ
ತನ್ನದೇ ಲೆಕ್ಕ ಕಟ್ಟಿಕೊಂಡು ಬರುತ್ತದೆ,
ಕುರಿಹಿಂಡಿನ ಜೊತೆ ಹುಡುಗನ ಕೈಗೆ
ಎಣಿಸಿದ ಕಲ್ಲಿನ ಚೀಲ ಕೊಟ್ಟು ಕಳಿಸಿದಂತೆ.
ತಾಳೆಯಾಗದಿದ್ದರೆ ಪೆಟ್ಟಿಗೆ ಇಡೀ ಮಾತನ್ನೇ ನುಂಗುತ್ತದೆ.
ಯಾವ ಕುರಿ ತಪ್ಪಿತೆಂದು ಕೇಳುವುದಿಲ್ಲ.

ತೊರೆಯ ತಿರುವಿನಲ್ಲಿ ಇನ್ನೊಂದು ಕಂಬ.
ಎರಡೂ ಒಟ್ಟಿಗೆ ಬಾಯಿ ತೆರೆದರೆ
ಎರಡೂ ನಷ್ಟ.
ಆಗ ಒಂದು ಏಳು ಸೆಕೆಂಡು ಸುಮ್ಮನಿರುತ್ತದೆ,
ಇನ್ನೊಂದು ಹತ್ತೊಂಬತ್ತು; ಮತ್ತೆ ಹೇಳುತ್ತವೆ.
ಎಷ್ಟು ಹೊತ್ತು ಸುಮ್ಮನಿರಬೇಕೆಂದು ಯಾರೂ ಗೊತ್ತುಮಾಡಿಲ್ಲ,
ಗುಟ್ಟೇ ಅದು.
(ಈ ನಿಯಮ ಗಂಡನಿಗೂ ವಿವರಿಸಿದಳು ಒಮ್ಮೆ.
ಜೋಲ್ಚು ಅದೇ ಹೊತ್ತಿಗೆ ಏನೋ ಹೇಳುತ್ತಿದ್ದ.)

ಜೂನ್ ಹನ್ನೊಂದು, ರಾತ್ರಿ ಎರಡೂಕಾಲು:
ದೀಪ ಮಿನುಗಲಿಲ್ಲ.
ಎರಡೂವರೆಗೂ ಇಲ್ಲ.
ಬಾಯಿ ಕಟ್ಟಿದ್ದು ಕಂಬಕ್ಕೋ, ಕೆರೆಗೋ?
ಬ್ಯಾಟರಿ ಸತ್ತರೂ ಹೀಗೇ, ಕೆರೆ ಒಡೆದರೂ ಹೀಗೇ.
ಮೌನಕ್ಕೆ ಬಾಲವಿಲ್ಲ,
ತಾಳೆ ನೋಡಲು ಏನೂ ಇಲ್ಲ.

ಹೊರಗೆ ಬಂದು ಹೊಳೆಗೆ ಕಿವಿಗೊಟ್ಟಳು.
ಹೊಳೆ ಎಂದಿನಂತೆ, ಅಥವಾ ಎಂದಿಗಿಂತ ಸ್ವಲ್ಪ.
ಶಾಲೆಯ ಗಂಟೆ ಬಾರಿಸಿದಳು.

ನಲವತ್ತಮೂರು ಮನೆ ಖಾಲಿಯಾದವು.
ದುಪ್ಪಡಿ, ಕೂಸು, ಕುಂಟು ನಾಯಿ,
ಯಾರದೋ ಹೊಲಿಗೆಯಂತ್ರ,
ಎಲ್ಲ ಗುಡ್ಡದ ಓರೆಗೆ, ಚಳಿಯಲ್ಲಿ.
ಜೋಲ್ಚು ಕುದುರೆ ಹತ್ತಿ ಮೇಲಕ್ಕೆ ಹೋದ, ಕೆರೆಯ ಕಡೆಗೆ,
ಅವಳು ಕೋಣೆಗೆ ವಾಪಸು, ಪೆಟ್ಟಿಗೆಯ ಕಡೆಗೆ.

ಮೂರು. ನಾಲ್ಕು. ಐದು.
ಗಾಳಿ ಅಲ್ಲೇ ಇತ್ತು, ಬರಿಗೈಯಲ್ಲಿ.

ಏಳೂಕಾಲಿಗೆ ಹಸಿರು.
ಎರಡು ಮೀಟರ್ ನಾಲ್ಕು. ತಾಳೆ ಸರಿ.
ನೀರಿನ ಅಳತೆಯಷ್ಟೇ ಬರೆಯಬೇಕಿತ್ತು ಅವಳು;
ಅವನು ತಲುಪಿದ್ದೂ ಅದರಲ್ಲೇ ಇತ್ತು,
ಬಾಗಿದ ಕಂಬವನ್ನು ಕೈಯಲ್ಲಿ ನೆಟ್ಟಗೆ ಹಿಡಿದಿದ್ದೂ.

ಜನ ಇಳಿದರು. ಕೆಲವರು ಬೈದರು.
ಅತ್ತೆ ಬೈಯಲಿಲ್ಲ, ಹೊಲಿಗೆಯಂತ್ರದವರನ್ನು ನೋಡಿ ನಕ್ಕಳು.

ಮಧ್ಯಾಹ್ನ ಜೋಲ್ಚು ಜೇಬಿನಿಂದ ಕರಿ ಕೂದಲ ಗಂಟೊಂದನ್ನು ತೆಗೆದ,
ಆಂಟೆನಾಕ್ಕೆ ಸಿಕ್ಕಿಕೊಂಡಿದ್ದು.
ಪಕ್ಕೆ ತುರಿಸಿಕೊಳ್ಳಲು ಆ ಬಯಲಿಗೆಲ್ಲ
ಅದೊಂದೇ ಕಂಬ.

ರಿಜಿಸ್ಟರಿನಲ್ಲಿ ಇಪ್ಪತ್ತು ಮನೆ ಖಾಲಿ.
ಯಾಕೆ ಎಂದು ಕೇಳುವ ಅಂಕಣದಲ್ಲಿ
ಬುರುಲ್ಕಾನ್ ಬರೆದಳು:
ಯಾಕ್.